ಹಿರಿಯರ ಸಂಘಕ್ಕೆ ಚಂದಾ ಕಟ್ಟುವ ಮುನ್ನ

ಪರ್ತ್ ನಗರದ ದಕ್ಷಿಣಕ್ಕಿರುವ ವಿಲೆಟನ್‌ನಲ್ಲಿ ಮನೆ ಮಾಡಿರುವ ಕನ್ನಡದವರನ್ನು 'ಇಲ್ಲೇ ಯಾಕೆ?' ಎಂದು ಕೇಳಿದರೆ ಬಹಳಷ್ಟು ಮಂದಿ ವಿಲೆಟನ್ ಸೀನಿಯರ್ ಹೈಸ್ಕೂಲಿನ ಹೆಸರು ಹೇಳುತ್ತಾರೆ. ಶಾಲೆಯ ವ್ಯಾಪ್ತಿಯೊಳಗೇ ಮನೆ ಇರಬೇಕು ಅಂತ ದೊಡ್ಡ ಸಾಲ ಮಾಡಿ ಬಂದವರು. ಮಕ್ಕಳು ಚಿಕ್ಕವರಿದ್ದಾಗ ಬೆಂಗಳೂರು, ಹುಬ್ಬಳ್ಳಿ, ಶಿವಮೊಗ್ಗದಿಂದ ಅಜ್ಜ-ಅಜ್ಜಿ ಬಂದರು. ಬಾಣಂತನ ಆಯಿತು, ಶಾಲೆಯಿಂದ ಕರೆತರುವುದಾಯಿತು, ಊಟ ಮಾಡಿಸುವುದಾಯಿತು. ಅದೇ ಮಕ್ಕಳು ಹೈಸ್ಕೂಲು ಸೇರಿದ ವರ್ಷ ಹಿರಿಯರ ಕೈಗೆ ಕೆಲಸವಿಲ್ಲ. ಬೆಳಿಗ್ಗೆ ಎಂಟೂವರೆಗೆ ಮನೆ ಖಾಲಿ, ಸಂಜೆ ಐದೂವರೆ ತನಕ ಟಿ.ವಿ. ಮತ್ತು ವಾಟ್ಸಾಪು. ಆಗ ಮಗನಿಗೋ ಸೊಸೆಗೋ ಹೊಳೆಯುತ್ತದೆ: 'ಅಪ್ಪನ್ನ ಯಾವುದಾದ್ರೂ ಸೀನಿಯರ್ಸ್ ಅಸೋಸಿಯೇಷನ್‌ಗೆ ಸೇರಿಸಿಬಿಡೋಣ.'

ಸೇರಿಸಬಹುದು. ಆದರೆ ಎಷ್ಟೋ ಮನೆಗಳಲ್ಲಿ ಆಗುವುದೇನೆಂದರೆ, ಅಪ್ಪನಿಗೆ ಬೇಕಾದದ್ದು ಜೊತೆಗೆ ಮಾತಾಡುವ ನಾಲ್ಕು ಜನ. ಮಗ ಆನ್‌ಲೈನಿನಲ್ಲಿ ಕಾರ್ಡು ಹಾಕಿ ಕೊಂಡದ್ದು ಟ್ರಾವೆಲ್ ಇನ್ಶೂರೆನ್ಸಿನ ಮೇಲಿನ ರಿಯಾಯಿತಿ. ವರ್ಷದ ಕೊನೆಗೆ 'ಆ ಸಂಘ ದಂಡ ಕಣೋ' ಎಂದು ಅಪ್ಪ ಹೇಳಿದಾಗ ತಪ್ಪು ಸಂಘದ್ದೂ ಅಲ್ಲ, ಅಪ್ಪನದೂ ಅಲ್ಲ. ಹಿರಿಯರ ಸಂಘಗಳು 'ಮೆಂಬರ್‌ಶಿಪ್' ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಸರಕು ಕೊಡುತ್ತವೆ. ಕೆಲವು ರಿಯಾಯಿತಿ ಕೊಡಿಸುತ್ತವೆ, ಕೆಲವು ಸರ್ಕಾರದ ಮುಂದೆ ನಿಮ್ಮ ಪರವಾಗಿ ದನಿ ಎತ್ತುತ್ತವೆ, ಕೆಲವು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಟೀ ಮಾಡಿಟ್ಟು ಕಾಯುತ್ತವೆ. ನಿಮಗೆ ಯಾವುದು ಬೇಕು ಎಂದು ಮೊದಲು ಮನೆಯಲ್ಲೇ ತೀರ್ಮಾನವಾಗಲಿ.

ರಿಯಾಯಿತಿಯ ಲೆಕ್ಕ

ನಮ್ಮವರಿಗೆ 'ಸೀನಿಯರ್ ಸಿಟಿಜನ್' ಎಂದ ಕೂಡಲೇ ನೆನಪಾಗುವುದು ರಿಯಾಯಿತಿ. ರೈಲಿನಲ್ಲಿ ಗಂಡಸರಿಗೆ ಶೇ 40, ಹೆಂಗಸರಿಗೆ ಶೇ 50 ಇತ್ತಲ್ಲ, ಆ ಅಭ್ಯಾಸ. (2020ರ ಮಾರ್ಚ್‌ನಲ್ಲಿ ನಿಲ್ಲಿಸಿದ್ದನ್ನು ಹಿರಿಯರು ಇನ್ನೂ ಕ್ಷಮಿಸಿಲ್ಲ.) ಆಸ್ಟ್ರೇಲಿಯಾದಲ್ಲಿ ಈ ಆಸೆಗೆ ಯಾವ ಸಂಘಕ್ಕೂ ದುಡ್ಡು ಕೊಡಬೇಕಿಲ್ಲ. ಆಯಾ ರಾಜ್ಯ ಸರ್ಕಾರವೇ ಸೀನಿಯರ್ಸ್ ಕಾರ್ಡ್ ಕೊಡುತ್ತದೆ, ಪುಕ್ಕಟೆ. ಪೇಟೆಯಲ್ಲಿ ಹೆಸರಿನಲ್ಲಿ 'ಸೀನಿಯರ್ಸ್' ಇಟ್ಟುಕೊಂಡ ಇನ್ಶೂರೆನ್ಸ್ ಕಂಪನಿಗಳೂ ಇವೆ, ಚಂದಾ ಕೇಳುವ ಸಂಘಗಳೂ ಇವೆ. ಸರ್ಕಾರದ ಕಾರ್ಡೆಂದುಕೊಂಡು ಇನ್ನಾವುದಕ್ಕೋ ಹಣ ಕಟ್ಟುವುದು ಸುಲಭ. ಅರ್ಜಿಯಲ್ಲಿ ಶುಲ್ಕದ ಕಾಲಂ ಕಂಡರೆ ಅದು ಸರ್ಕಾರದ ಸೀನಿಯರ್ಸ್ ಕಾರ್ಡ್ ಅಲ್ಲ.

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಈ ಕಾರ್ಡಿಗೆ 65 ವರ್ಷ ತುಂಬಿರಬೇಕು, ಸಂಬಳದ ಕೆಲಸ ಇದ್ದರೆ ವಾರಕ್ಕೆ ಸರಾಸರಿ 25 ಗಂಟೆ ಮೀರಿರಬಾರದು. ದಕ್ಷಿಣ ಆಸ್ಟ್ರೇಲಿಯಾದಲ್ಲಿ 60 ವರ್ಷ, 20 ಗಂಟೆ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಪೂರ್ಣ ಕಾರ್ಡಿಗೆ 65 ವರ್ಷ, 35 ಗಂಟೆ. ಖಾಯಂ ನಿವಾಸಿ ಆಗಿರಬೇಕೆಂಬ ಷರತ್ತು ಮಾತ್ರ ಮೂರೂ ಕಡೆ ಸಮಾನ. ನಮ್ಮ ಬಹುಪಾಲು ಅಪ್ಪ-ಅಮ್ಮಂದಿರ ಕತೆ ಇಲ್ಲೇ ನಿಲ್ಲುತ್ತದೆ. 143ರ ಪೇರೆಂಟ್ ವೀಸಾದ ಮೇಲೆ ಬಂದವರು ಖಾಯಂ ನಿವಾಸಿಗಳು, ಅರ್ಜಿ ಹಾಕಬಹುದು. 600ರ ವಿಸಿಟರ್ ವೀಸಾ ಅಥವಾ 2019ರಲ್ಲಿ ಶುರುವಾದ 870ರ ತಾತ್ಕಾಲಿಕ ಪೇರೆಂಟ್ ವೀಸಾದ ಮೇಲೆ ಇದ್ದವರಿಗೆ ಕಾರ್ಡ್ ಇಲ್ಲ. 870ರಲ್ಲಿ ಒಂದೇ ಉಸಿರಿಗೆ ಐದು ವರ್ಷ ಇಲ್ಲೇ ಇದ್ದರೂ ಇಲ್ಲ.

ಕಾರ್ಡಿನ ದೊಡ್ಡ ಲಾಭ ಬಸ್ಸು-ರೈಲು. ಪರ್ತ್‌ನಲ್ಲಿ ಸೀನಿಯರ್ಸ್ ಸ್ಮಾರ್ಟ್‌ರೈಡರ್ ಎಂಬ ಪ್ರಯಾಣದ ಕಾರ್ಡ್ ಇದ್ದರೆ ವಾರದ ದಿನಗಳಲ್ಲಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 3.30ರವರೆಗೆ, ಸಂಜೆ 7ರ ನಂತರ, ಶನಿವಾರ-ಭಾನುವಾರ ಮತ್ತು ರಜಾದಿನ ಪೂರ್ತಿ ಉಚಿತ. ಅಡಿಲೇಡ್‌ನಲ್ಲಿ 2022ರ ಜುಲೈಯಿಂದ ಕಾರ್ಡ್ ಇದ್ದವರಿಗೆ ಎಲ್ಲ ಹೊತ್ತೂ ಉಚಿತ. ಬ್ರಿಸ್ಬೇನ್‌ನಲ್ಲಿ 2024ರ ಆಗಸ್ಟ್‌ನಿಂದ ಯಾರೇ ಹತ್ತಿದರೂ 50 ಸೆಂಟ್. ಆರು ತಿಂಗಳ ಪ್ರಯೋಗ ಎಂದು ಶುರುವಾದದ್ದು ಆಮೇಲೆ ಖಾಯಮ್ಮಾಯಿತು. ಹೀಗಾಗಿ ಬ್ರಿಸ್ಬೇನ್‌ನಲ್ಲಿರುವ 870 ವೀಸಾದ ಅತ್ತೆ-ಮಾವನವರಿಗೆ ಬಸ್ಸಿನ ಮಟ್ಟಿಗೆ ಕಾರ್ಡ್ ಇಲ್ಲದ ಕೊರತೆಯೇ ತಟ್ಟುವುದಿಲ್ಲ. ಪರ್ತ್‌ನವರಿಗೆ ತಟ್ಟುತ್ತದೆ.

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕಾರ್ಡಿಗೆ ಇನ್ನೆರಡು ಲಾಭಗಳಿವೆ. ಸರ್ಕಾರ ವರ್ಷಕ್ಕೊಮ್ಮೆ ಕಾಸ್ಟ್ ಆಫ್ ಲಿವಿಂಗ್ ರಿಬೇಟ್ ಎಂದು ಒಂದಿಷ್ಟು ಹಣ ನೇರ ಬ್ಯಾಂಕಿಗೆ ಹಾಕುತ್ತದೆ, ಅದಕ್ಕೆ ಒಮ್ಮೆ ಹೆಸರು ನೋಂದಾಯಿಸಿರಬೇಕು. ಸ್ವಂತ ಮನೆಯಿದ್ದರೆ ಕ್ಯಾನಿಂಗ್ ನಗರಸಭೆಯ ಕಂದಾಯದಲ್ಲಿ ಒಂದು ಮಿತಿಯೊಳಗೆ ಶೇ 25ರವರೆಗೂ ವಿನಾಯಿತಿ ಸಿಗುತ್ತದೆ. ಮನೆ ಮಗನ ಹೆಸರಿನಲ್ಲಿದ್ದರೆ ಈ ಎರಡನೆಯದು ಇಲ್ಲ.

ಇಷ್ಟೆಲ್ಲ ಪುಕ್ಕಟೆ ಸಿಗುತ್ತಿರುವಾಗ ಹಣ ಕಟ್ಟಿ ಸೇರುವ ಸಂಘ ರಿಯಾಯಿತಿಯಲ್ಲಿ ಇದಕ್ಕಿಂತ ಹೆಚ್ಚು ಏನು ಕೊಡುತ್ತದೆ ಎಂದು ಕೇಳಬೇಕು. ಸಾಮಾನ್ಯ ಉತ್ತರ: ಸೂಪರ್‌ಮಾರ್ಕೆಟ್ಟಿನ ಗಿಫ್ಟ್ ಕಾರ್ಡಿನ ಮೇಲೆ ಶೇ 4, ಸಿನಿಮಾ ಟಿಕೆಟ್, ಹೋಟೆಲು, ಕ್ರೂಸು, ಇನ್ಶೂರೆನ್ಸು. ಚಂದಾ 50 ಡಾಲರ್ ಎಂದಿಟ್ಟುಕೊಳ್ಳಿ. ಶೇ 4ರ ಲೆಕ್ಕದಲ್ಲಿ ಹಾಕಿದ ಹಣ ವಾಪಸ್ ಬರಲು 1,250 ಡಾಲರಿನ ಗಿಫ್ಟ್ ಕಾರ್ಡ್ ಕೊಳ್ಳಬೇಕು. ಮನೆ ಸಾಮಾನು ತರುವವರು ಯಾರು? ಸೊಸೆ. ಅವಳ ಫೋನಿನಲ್ಲಿ ಇಂಥದೇ ಕಾರ್ಡುಗಳು ಆಗಲೇ ಇರುತ್ತವೆ, ಯಾಕೆಂದರೆ ಕಾರಿನ ರೋಡ್‌ಸೈಡ್ ಸಹಾಯಕ್ಕೆಂದು ಆರ್‌ಎಸಿ ಸದಸ್ಯತ್ವ ಇದೆ. ಬ್ರಿಸ್ಬೇನ್‌ನಲ್ಲಾದರೆ ಆರ್‌ಎಸಿಕ್ಯು, ಅಡಿಲೇಡ್‌ನಲ್ಲಾದರೆ ಆರ್‌ಎಎ. ಒಂದೇ ಮನೆಯಲ್ಲಿ ಒಂದೇ ರಿಯಾಯಿತಿಗೆ ಎರಡು ಸಲ ಚಂದಾ ಕಟ್ಟುವುದು ಪೆದ್ದುತನ. ಹೊಸ ಸಂಘದ ಪಟ್ಟಿಯನ್ನು ಮನೆಯಲ್ಲಿರುವ ಹಳೆಯ ಕಾರ್ಡುಗಳ ಪಕ್ಕ ಇಟ್ಟು, ಎರಡರಲ್ಲೂ ಇರುವುದನ್ನೆಲ್ಲ ಪೆನ್ಸಿಲಿನಿಂದ ಹೊಡೆದುಹಾಕಿ. ಉಳಿದದ್ದಕ್ಕೆ ಮಾತ್ರ ಬೆಲೆ ಕಟ್ಟಿ.

ಇನ್ಶೂರೆನ್ಸ್ ಬಗ್ಗೆ ಇನ್ನೊಂದು ಮಾತು. ಅಮೆರಿಕದಲ್ಲಿ ಎಎಆರ್‌ಪಿ ಎಂಬ ದೈತ್ಯ ಸಂಸ್ಥೆ ಇದೆ. ಎಥೆಲ್ ಪರ್ಸಿ ಆಂಡ್ರಸ್ ಎಂಬ ನಿವೃತ್ತ ಹೈಸ್ಕೂಲು ಮುಖ್ಯೋಪಾಧ್ಯಾಯಿನಿ 1958ರಲ್ಲಿ ಕಟ್ಟಿದ್ದು. ಇವತ್ತು ಅದಕ್ಕೆ ಸದಸ್ಯರ ಚಂದಾಕ್ಕಿಂತ ಹೆಚ್ಚು ಹಣ ಬರುವುದು ಅದರ ಹೆಸರು ಬಳಸಿಕೊಳ್ಳುವ ವಿಮಾ ಕಂಪನಿಗಳಂಥವರ ರಾಯಲ್ಟಿಯಿಂದ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಸಂಘ 'ನಮ್ಮ ಸದಸ್ಯರಿಗಾಗಿ ವಿಶೇಷ ಪಾಲಿಸಿ' ಎಂದಾಗ, ಅದು ಶಿಫಾರಸೋ ವ್ಯಾಪಾರವೋ ಎಂದು ತಿಳಿದಿರಬೇಕು. ಆಸ್ಟ್ರೇಲಿಯಾದಲ್ಲಿ ಇದನ್ನು ಪತ್ತೆ ಮಾಡುವುದು ಸುಲಭ: ಪಾಲಿಸಿಯ ಜೊತೆ ಕೊಡುವ ಫೈನಾನ್ಶಿಯಲ್ ಸರ್ವಿಸಸ್ ಗೈಡ್ ಎಂಬ ಪುಸ್ತಿಕೆಯಲ್ಲಿ ಮಾರುವವರಿಗೆ ಕಮಿಷನ್ ಸಿಗುತ್ತದೆಯೇ, ಹೇಗೆ ಎಂದು ಬರೆಯಲೇಬೇಕು. ಅದನ್ನು ಓದಿ, ಅದೇ ವಯಸ್ಸು, ಅದೇ ಬಿ.ಪಿ., ಅದೇ ಸಕ್ಕರೆ ಕಾಯಿಲೆ ಹೇಳಿ ಹೊರಗಿನ ಇನ್ನೆರಡು ಕಂಪನಿಗಳಿಂದ ದರ ಕೇಳಿ. ಎಪ್ಪತ್ತು ದಾಟಿದವರ ಬೆಂಗಳೂರು ಪ್ರಯಾಣಕ್ಕೆ ಕಂಪನಿಯಿಂದ ಕಂಪನಿಗೆ ಆಗುವ ವ್ಯತ್ಯಾಸದ ಮುಂದೆ ಸಂಘದ ರಿಯಾಯಿತಿ ಏನೂ ಅಲ್ಲ ಅನ್ನಿಸಬಹುದು. ಇನ್ನು ವಿಸಿಟರ್ ವೀಸಾದವರು: ಇಲ್ಲಿನ ಟ್ರಾವೆಲ್ ಇನ್ಶೂರೆನ್ಸ್ ಸಾಮಾನ್ಯವಾಗಿ ಇಲ್ಲಿನ ನಿವಾಸಿಗಳಿಗೆ. ಭಾರತದ ಜೊತೆ ಮೆಡಿಕೇರಿನ ಪರಸ್ಪರ ಒಪ್ಪಂದವೂ ಇಲ್ಲ. ಅವರಿಗೆ ಬೇಕಾದದ್ದು ವಿಸಿಟರ್ ಹೆಲ್ತ್ ಇನ್ಶೂರೆನ್ಸ್, ಅದಕ್ಕೂ ಸಂಘಕ್ಕೂ ಸಂಬಂಧವಿಲ್ಲ.

ದನಿ ಎತ್ತುವವರು

ಸರ್ಕಾರದ ಮುಂದೆ ದನಿ ಎತ್ತುವ ಸಂಘಗಳಲ್ಲಿ ದೊಡ್ಡ ಹೆಸರು ನ್ಯಾಷನಲ್ ಸೀನಿಯರ್ಸ್ ಆಸ್ಟ್ರೇಲಿಯಾ. 1976ರಲ್ಲಿ ಎವರಾಲ್ಡ್ ಕಾಂಪ್ಟನ್ ಶುರು ಮಾಡಿದ್ದು, ಕೇಂದ್ರ ಕಚೇರಿ ಬ್ರಿಸ್ಬೇನ್‌ನಲ್ಲಿ, 50 ತುಂಬಿದವರು ಸೇರಬಹುದು. ಪಿಂಚಣಿದಾರರು ಪಿಂಚಣಿ ಕಳೆದುಕೊಳ್ಳದೆ ಇನ್ನಷ್ಟು ದುಡಿಯಲು ಬಿಡಿ ಎಂದು ಇವರು ಚಳವಳಿ ನಡೆಸಿದರು. ವರ್ಕ್ ಬೋನಸ್ ಎಂಬ ಲೆಕ್ಕದ ಮಿತಿ 11,800 ಡಾಲರಿಗೆ ಏರಿ, 2024ರ ಜನವರಿಯಿಂದ ಖಾಯಮ್ಮಾಯಿತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇಂಥ ಕೆಲಸವನ್ನು ಕೋಟಾ ಎಂದು ಕರೆಯುವ ಕೌನ್ಸಿಲ್ ಆನ್ ದ ಏಜಿಂಗ್ ಮಾಡುತ್ತದೆ.

ಮುಖ್ಯ ಪ್ರಶ್ನೆ: ಅವರು ಎತ್ತುವ ದನಿ ನಿಮ್ಮದೇ? 143ರ ಮೇಲೆ ಬಂದ ತಂದೆತಾಯಿಗೆ ಏಜ್ ಪೆನ್ಶನ್ ಸಿಗಲು ಇಲ್ಲಿ ಹತ್ತು ವರ್ಷ ವಾಸವಾಗಿರಬೇಕು, ವಯಸ್ಸು 67 ಆಗಿರಬೇಕು. ಅವರ ತಲೆಬಿಸಿ ಪೇರೆಂಟ್ ವೀಸಾದ ಸರತಿ, ಇಂಗ್ಲಿಷ್ ಬಾರದವರಿಗೆ ಆಸ್ಪತ್ರೆಯಲ್ಲಿ ದುಭಾಷಿ, ಸಸ್ಯಾಹಾರ ಸಿಗುವ ವೃದ್ಧರ ಆರೈಕೆ ಕೇಂದ್ರ. ಸಂಘದ ಕಳೆದ ವರ್ಷದ ಸರ್ಕಾರಿ ಮನವಿಗಳ ಶೀರ್ಷಿಕೆಗಳನ್ನಷ್ಟೇ ಓದಿ. ನಿಮ್ಮ ಚಿಂತೆ ಅದರಲ್ಲಿದ್ದರೆ ಚಂದಾ ಕಟ್ಟಿ, ರಿಯಾಯಿತಿಯ ಲೆಕ್ಕ ಹಾಕಬೇಡಿ. ಇಲ್ಲದಿದ್ದರೆ ಬೇಡ. ಇಪ್ಪತ್ತೈದು-ಮೂವತ್ತು ವರ್ಷ ಇಲ್ಲೇ ದುಡಿದು ನಿವೃತ್ತರಾದ ಕನ್ನಡಿಗರಿಗೆ, ಅಂದರೆ ಸೂಪರ್‌ಆನ್ಯುಯೇಷನ್ ಇರುವವರಿಗೆ, ಇವೇ ಸಂಘಗಳ ಮಾತು ನೇರವಾಗಿ ಅನ್ವಯಿಸುತ್ತದೆ. ಒಂದೇ ಮನೆಯಲ್ಲಿ ಅತ್ತೆಗೆ ಬೇಡವಾದ ಸಂಘ ಹತ್ತು ವರ್ಷ ಬಿಟ್ಟು ಸೊಸೆಗೆ ಬೇಕಾಗಬಹುದು.

ಜೊತೆ ಬೇಕಾದವರಿಗೆ

ನನ್ನ ಮಟ್ಟಿಗೆ ಹಣ ಕೊಟ್ಟು ಕೊಳ್ಳಲು ಯೋಗ್ಯವಾದದ್ದು ಜೊತೆಯೊಂದೇ, ಮತ್ತು ಇದಕ್ಕೇ ಅತಿ ಕಡಿಮೆ ಹಣ ಬೇಕಾಗುವುದು.

ಯು3ಎ, ಅಂದರೆ ಮೂರನೆಯ ವಯಸ್ಸಿನವರ ವಿಶ್ವವಿದ್ಯಾಲಯ, 1973ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಹುಟ್ಟಿ 1984ರಲ್ಲಿ ಮೆಲ್ಬರ್ನಿಗೆ ಬಂತು. ಈಗ ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರರಲ್ಲೂ ಇದೆ. ಪರೀಕ್ಷೆ ಇಲ್ಲ, ಪದವಿ ಇಲ್ಲ, ಸಂಬಳದ ಮೇಷ್ಟ್ರೂ ಇಲ್ಲ. ಸದಸ್ಯರೇ ಸದಸ್ಯರಿಗೆ ಕಲಿಸುತ್ತಾರೆ. ನಮ್ಮ ಹಿರಿಯರಲ್ಲಿ ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ, ಎಚ್‌ಎಎಲ್‌ನಲ್ಲಿ, ಬಿಇಎಲ್‌ನಲ್ಲಿ ಇದ್ದವರು ಬೇಕಾದಷ್ಟು ಮಂದಿ. ಅಂಥವರು ಕೇಳಲಿಕ್ಕೆ ಸೇರುವ ಬದಲು ಕಲಿಸಲಿಕ್ಕೆ ಸೇರಿ ನೋಡಲಿ. 'ನಾನು ಯೋಗ ಹೇಳಿಕೊಡಬಲ್ಲೆ', 'ಗಣಿತದ ಒಗಟು ಹೇಳಿಕೊಡಬಲ್ಲೆ' ಎಂದು ಹೋದವರ ಹೆಸರು ಎರಡನೇ ವಾರಕ್ಕೇ ಎಲ್ಲರಿಗೂ ಗೊತ್ತಾಗಿರುತ್ತದೆ. ಕೊನೆಯ ಸಾಲಿನಲ್ಲಿ ಸುಮ್ಮನೆ ಕೂತವರನ್ನು ಆರು ತಿಂಗಳಾದರೂ ಯಾರೂ ಗುರುತಿಸುವುದಿಲ್ಲ.

ಪ್ರೋಬಸ್ ಕ್ಲಬ್ಬುಗಳು ನಿವೃತ್ತರಿಗೆ: ತಿಂಗಳಿಗೊಂದು ಸಭೆ, ಒಬ್ಬ ಅತಿಥಿಯ ಭಾಷಣ, ಟೀ, ಪ್ರವಾಸ. ಸೇರುವ ಶುಲ್ಕ ಒಂದು, ವಾರ್ಷಿಕ ಚಂದಾ ಇನ್ನೊಂದು; ಅವು ಹೆಚ್ಚಿಲ್ಲ. ಖರ್ಚಿರುವುದು ಊಟಗಳಲ್ಲಿ, ಬಸ್ಸಿನ ಪ್ರವಾಸಗಳಲ್ಲಿ. ಹಾಗಾಗಿ ಚಂದಾ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ, ಕಳೆದ ಮೂರು ಔಟಿಂಗ್‌ಗಳು ಎಲ್ಲಿಗೆ, ತಲೆಗೆಷ್ಟು, ತಿಂದದ್ದೇನು ಎಂದು ಕೇಳಿ. ಮೂರೂ ಸಲ ಪಬ್ಬಿನ ರೋಸ್ಟ್ ಊಟವೇ ಆಗಿದ್ದರೆ, ಈರುಳ್ಳಿಯನ್ನೂ ಮುಟ್ಟದ ಅಮ್ಮ ಅಲ್ಲಿ ಮೂವತ್ತು ಡಾಲರ್ ಕೊಟ್ಟು ಆಲೂಗಡ್ಡೆ ಚಿಪ್ಸ್ ತಿಂದು ಬರುತ್ತಾರೆ. ಸೇರುವ ಮೊದಲೇ ಕೇಳಿದರೆ ಸಂಕೋಚವಿಲ್ಲ, ಸೇರಿದ ಮೇಲೆ ಪ್ರತಿ ಸಲ ಹೇಳುವುದು ಕಷ್ಟ.

ಮಾತು ಕಡಿಮೆ, ಕೈ ಸುಮ್ಮನಿರದ ಅಪ್ಪಂದಿರಿಗೆ ಮೆನ್ಸ್ ಶೆಡ್. ಇದರ ಬೇರು ಇರುವುದು ಅಡಿಲೇಡ್‌ನ ದಕ್ಷಿಣಕ್ಕಿರುವ ಗೂಲ್ವಾದಲ್ಲಿ, 1993ರಲ್ಲಿ ಶುರುವಾದ ಒಂದು ಶೆಡ್ಡಿನಲ್ಲಿ. ಈಗ ದೇಶದ ತುಂಬ ಇವೆ. ಮರದ ಕೆಲಸ, ಮುರಿದ ಕುರ್ಚಿ ರಿಪೇರಿ, ನಡುವೆ ಟೀ. ಇಂಗ್ಲಿಷಿಗೆ ಹೆದರುವವರಿಗೆ ಇದು ಯು3ಎಗಿಂತ ವಾಸಿ, ಏಕೆಂದರೆ ಮೊಳೆ ಹೊಡೆಯುವಾಗ ಯಾರೂ ಭಾಷಣ ನಿರೀಕ್ಷಿಸುವುದಿಲ್ಲ. ಯಂತ್ರಗಳಿರುವ ಕಡೆ ಸುರಕ್ಷತಾ ತರಬೇತಿ ಕೊಡುತ್ತಾರೆಯೇ, ಸದಸ್ಯರ ಅಪಘಾತ ವಿಮೆಗೆ ವಯಸ್ಸಿನ ಮಿತಿ ಇದೆಯೇ ಎಂದು ಕೇಳಿಕೊಳ್ಳಿ.

ಪರ್ತ್‌ನವರಿಗೆ ಇನ್ನೊಂದು ಅನುಕೂಲ ಉಂಟು. ಸೀನಿಯರ್ಸ್ ರಿಕ್ರಿಯೇಷನ್ ಕೌನ್ಸಿಲ್ ಪ್ರತಿ ವರ್ಷ ನವೆಂಬರ್‌ನಲ್ಲಿ ಬರ್ಸ್‌ವುಡ್ ಪಾರ್ಕಿನಲ್ಲಿ 'ಹ್ಯಾವ್ ಎ ಗೋ ಡೇ' ನಡೆಸುತ್ತದೆ. ಬಿಲ್ಲುಬಾಣದಿಂದ ನೃತ್ಯದ ತನಕ ನಾನಾ ಸಂಘಗಳು ಒಂದೇ ಮೈದಾನದಲ್ಲಿ ಮೇಜು ಹಾಕಿರುತ್ತವೆ, ಪ್ರವೇಶ ಉಚಿತ. ಸುಗ್ಗಿಯ ಜಾತ್ರೆಯಲ್ಲಿ ಎತ್ತು ನೋಡುವ ಹಾಗೆ ಓಡಾಡಿ ನೋಡಬಹುದು, ಅಂದೇ ಕೊಳ್ಳಬೇಕೆಂದಿಲ್ಲ. ಕಾರ್ಡ್ ಇಲ್ಲದವರೂ ಹೋಗಬಹುದು. ಲೈಬ್ರರಿಗಳಲ್ಲಿ ಪುಕ್ಕಟೆ ಸಿಗುವ 'ಹ್ಯಾವ್ ಎ ಗೋ ನ್ಯೂಸ್' ಎಂಬ ಮಾಸಿಕದಲ್ಲಿ ಸಂಘಗಳ ಸುದ್ದಿ ಬರುತ್ತದೆ. ವ್ಯಾಯಾಮವಷ್ಟೇ ಬೇಕಾದವರಿಗೆ ಕೋಟಾದ 'ಲಿವಿಂಗ್ ಲಾಂಗರ್ ಲಿವಿಂಗ್ ಸ್ಟ್ರಾಂಗರ್' ತರಗತಿಗಳು ಹಲವು ಜಿಮ್ಮು, ಲೀಷರ್ ಸೆಂಟರ್‌ಗಳಲ್ಲಿ ನಡೆಯುತ್ತವೆ. ಒಂದೊಂದು ತರಗತಿಗೆ ಹಣ ಕೊಟ್ಟರೆ ಸಾಕು.

ಕನ್ನಡ ಸಂಘವನ್ನು ಮರೆತಿಲ್ಲ. ಮೂರೂ ನಗರಗಳಲ್ಲಿ ಕನ್ನಡ ಸಂಘಗಳಿವೆ, ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರುತ್ತವೆ. ಅಲ್ಲಿ ಸಿಗುವ ಆಪ್ತತೆ ಬೇರೆಲ್ಲೂ ಇಲ್ಲ. ಆದರೆ ಅವು ದುಡಿಯುವವರ ರಜೆಯ ಲೆಕ್ಕದಲ್ಲಿ ನಡೆಯುವ ಸಂಘಗಳು. ಅಜ್ಜಿಗೆ ಖಾಲಿ ಹೊಡೆಯುವುದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಕುಟುಂಬ ಸದಸ್ಯತ್ವದಲ್ಲಿ ತಂದೆತಾಯಿಯೂ ಸೇರುತ್ತಾರೆಯೇ ಎಂದು ಕೇಳಿ. ಸೇರುವುದಾದರೆ ಆ ಹಣಕ್ಕೆ ಅನುಮಾನ ಬೇಡ. ಅದರ ಮೇಲೆ ವಾರದ ದಿನಕ್ಕೊಂದು ಬೇರೆ ಸಂಘ ಬೇಕಾಗುತ್ತದೆ, ಅಷ್ಟೇ. ಇಲ್ಲವೇ ನಿಮ್ಮ ಬೀದಿಯ ಸುತ್ತಲಿನ ಐದಾರು ಅಜ್ಜ-ಅಜ್ಜಿಯರು ಸೇರಿ ಸೌತ್‌ಲ್ಯಾಂಡ್ಸ್ ಶಾಪಿಂಗ್ ಸೆಂಟರಿನಲ್ಲಿ ವಾರಕ್ಕೆರಡು ದಿನ ಕಾಫಿಗೆ ಕೂತರೂ ಆಯಿತು. ಅದಕ್ಕೆ ಚಂದಾ ಇಲ್ಲ, ಕಾರ್ಯದರ್ಶಿ ಇಲ್ಲ, ಜಗಳವೂ ಕಡಿಮೆ.

ಬಸ್ಸಿನ ಪರೀಕ್ಷೆ

ಯಾವುದೇ ಸಂಘಕ್ಕೆ ಸೇರುವ ಮೊದಲು ನಾನು ಹೇಳುವ ಪರೀಕ್ಷೆ ಒಂದೇ: ಮಗ ಕಾರಿನಲ್ಲಿ ಬಿಡದೆ ಅಪ್ಪ-ಅಮ್ಮ ಅಲ್ಲಿಗೆ ಹೋಗಿ ಬರಬಲ್ಲರೇ? ವಿಲೆಟನ್‌ನಲ್ಲಿ ರೈಲು ನಿಲ್ದಾಣ ಇಲ್ಲ. ಬಸ್ಸು ಹಿಡಿದು ಬುಲ್ ಕ್ರೀಕ್ ನಿಲ್ದಾಣ, ಅಲ್ಲಿಂದ ಮ್ಯಾಂಡುರಾ ಲೈನಿನ ರೈಲು. ಸಭೆ ಸ್ವಾನ್ ನದಿಯಾಚೆ ಇದ್ದರೆ ಇಳಿದು ಮತ್ತೊಂದು ಬಸ್ಸು. ಹತ್ತು ಗಂಟೆಯ ಸಭೆಗೆ ಒಂಬತ್ತರ ಮೊದಲೇ ಹೊರಟರೆ ಉಚಿತ ಪ್ರಯಾಣದ ಹೊತ್ತು ಇನ್ನೂ ಶುರುವಾಗಿರುವುದಿಲ್ಲ. ಸಭೆ ಮುಗಿದು ಊಟ, ಹರಟೆ ಎಂದು ನಿಂತರೆ 3.30 ದಾಟುತ್ತದೆ. ಜನವರಿಯ ಬಿಸಿಲಿನಲ್ಲಿ ನೆರಳಿಲ್ಲದ ಸ್ಟಾಪಿನಲ್ಲಿ ಒಂದು ಸಲ ಬಸ್ಸು ತಪ್ಪಿದರೆ ಮುಂದಿನ ವಾರ ಅಪ್ಪ 'ಯಾಕೋ ಮೊಣಕಾಲು ನೋವು' ಅನ್ನುತ್ತಾರೆ. ನದಿಯಾಚೆಯ ಒಳ್ಳೆಯ ಸಂಘಕ್ಕಿಂತ ರಿವರ್ಟನ್‌ನ, ಬುಲ್ ಕ್ರೀಕ್‌ನ ಸಾಧಾರಣ ಸಂಘವೇ ಮೇಲು. ಮೊದಲ ಸಲ ಜೊತೆಗೆ ಹೋಗಿ ದಾರಿ ತೋರಿಸಿ, ಎರಡನೇ ಸಲ ಅವರೇ ಹೋಗಲಿ. ಬಹುತೇಕ ಕ್ಲಬ್ಬುಗಳು ಒಂದೆರಡು ಸಲ ಅತಿಥಿಯಾಗಿ ಬಂದು ಕೂರಲು ಬಿಡುತ್ತವೆ. ಆ ದಿನ ಭಾಷಣ ಹೇಗಿತ್ತು ಎನ್ನುವುದಕ್ಕಿಂತ ಟೀ ಹೊತ್ತಿಗೆ ಯಾರಾದರೂ ತಾವಾಗಿ ಬಂದು ಮಾತಾಡಿಸಿದರೇ ಎಂದು ಕೇಳಿಕೊಳ್ಳಿ.

ಕಾಗದ ಪತ್ರ

ಚಿಕ್ಕ ಸಂಘಗಳು ಬಹುತೇಕ ನೋಂದಾಯಿತ ಸಂಸ್ಥೆಗಳು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2015ರ ಅಸೋಸಿಯೇಷನ್ಸ್ ಇನ್‌ಕಾರ್ಪೊರೇಷನ್ ಕಾಯ್ದೆ, ಕ್ವೀನ್ಸ್‌ಲ್ಯಾಂಡ್‌ನಲ್ಲಿ 1981ರದು, ದಕ್ಷಿಣ ಆಸ್ಟ್ರೇಲಿಯಾದಲ್ಲಿ 1985ರದು. ಸಂಘದ ನಿಯಮಾವಳಿ ಕೇಳಿ ನೋಡಿ, ವಾರ್ಷಿಕ ಸಭೆಯಲ್ಲಿ ಲೆಕ್ಕ ಇಡುತ್ತಾರೆಯೇ ಎಂದೂ ಕೇಳಿ. ಚಾರಿಟಿ ಎಂದು ಹೇಳಿಕೊಂಡರೆ ಎಸಿಎನ್‌ಸಿ ಎಂಬ ಕೇಂದ್ರ ಸಂಸ್ಥೆಯ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. 'ಲೈಫ್ ಮೆಂಬರ್‌ಶಿಪ್ ತಗೊಂಬಿಡಿ ಅಂಕಲ್, ಉಳಿತಾಯ' ಎಂದು ಹೊಸ ಸಂಘದವರು ಅಂದರೆ ನಕ್ಕು ಒಂದು ವರ್ಷದ್ದನ್ನೇ ಕಟ್ಟಿ. ಎಪ್ಪತ್ತೆರಡರ ಅಂಕಲ್ಲು ಗಟ್ಟಿಯಾಗಿಯೇ ಇರುತ್ತಾರೆ. ಮೂರು ವರ್ಷದಲ್ಲಿ ಒಡೆಯುವುದು ಸಂಘ.

ಅರ್ಜಿಯ ಕೆಳಗೆ ಸಣ್ಣಕ್ಷರದಲ್ಲಿ ಎರಡು ಚೌಕಗಳಿರುತ್ತವೆ. 'ನಮ್ಮ ಪಾಲುದಾರರು ಸಂಪರ್ಕಿಸಬಹುದು' ಎಂಬಲ್ಲಿ ಟಿಕ್ ಹಾಕಬೇಡಿ. ವರ್ಷಕ್ಕೆ ಮೂವತ್ತು ಲಕ್ಷ ಡಾಲರಿಗಿಂತ ಕಡಿಮೆ ವಹಿವಾಟಿನ ಸಂಸ್ಥೆಗಳಿಗೆ 1988ರ ಪ್ರೈವಸಿ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಹಾಗಾಗಿ ಅಮ್ಮನ ಜನ್ಮದಿನಾಂಕ, ಫೋನ್ ನಂಬರು ಎಲ್ಲೆಲ್ಲಿ ಹೋಯಿತು ಎಂದು ಆಮೇಲೆ ಹುಡುಕುವುದು ಕಷ್ಟ. ಎರಡನೆಯದು ತಾನಾಗಿಯೇ ನವೀಕರಣ. ಮಗನ ಕ್ರೆಡಿಟ್ ಕಾರ್ಡಿನಿಂದ ವರ್ಷ ವರ್ಷ ಹೋಗುತ್ತಿರುವ ಹಣ ಅಪ್ಪನಿಗೂ ಗೊತ್ತಿರುವುದಿಲ್ಲ, ಮಗನಿಗೂ ನೆನಪಿರುವುದಿಲ್ಲ.

ಕಟ್ಟುವ ತಿಂಗಳನ್ನೂ ನೋಡಿ. ಇಲ್ಲಿ ಹಣಕಾಸು ವರ್ಷ ಜುಲೈಯಿಂದ ಜೂನ್, ಎಷ್ಟೋ ಸಂಘಗಳ ಚಂದಾ ಅದಕ್ಕೇ ಹೊಂದಿರುತ್ತದೆ; ಇನ್ನು ಕೆಲವು ಜನವರಿಯಿಂದ ಲೆಕ್ಕ ಹಿಡಿಯುತ್ತವೆ. ಏಪ್ರಿಲ್‌ನಲ್ಲಿ ಪೂರ್ತಿ ವರ್ಷದ್ದು ಕಟ್ಟಿ, ಚಳಿ ಶುರುವಾಗುತ್ತಿದ್ದಂತೆ ಬೆಂಗಳೂರಿಗೆ ಹೊರಟರೆ ಸಿಕ್ಕಿದ್ದು ಆರೇಳು ವಾರ. ಅರ್ಧ ವರ್ಷದ ಚಂದಾ ಇದೆಯೇ ಎಂದು ಕೇಳಿ. ಕೇಳಿದವರಿಗೆ ಎಷ್ಟೋ ಸಲ ಖಜಾಂಚಿಯೇ ಹೊಂದಿಸಿಕೊಡುತ್ತಾರೆ. ಬಿಡುವುದಾದರೆ ಕಾರ್ಯದರ್ಶಿಗೆ ಎರಡು ಸಾಲಿನ ಇಮೇಲ್ ಸಾಕು, ಆದರೆ ಅದರಿಂದ ಡೈರೆಕ್ಟ್ ಡೆಬಿಟ್ ನಿಲ್ಲುವುದಿಲ್ಲ. ಬ್ಯಾಂಕಿಗೆ ಬೇರೆಯಾಗಿ ಹೇಳಬೇಕು.